ಹಳೆ ಡಿಎಸ್‌ಎಲ್‌ಆರ್, ಹೊಸ ಮಿರರ್‌ಲೆಸ್, ದೊಡ್ಡ ಜೂಮ್, ಕೈಯಲ್ಲಿರುವ ಫೋನ್: ದುಡ್ಡು ಯಾವುದಕ್ಕೆ ಹಾಕಬೇಕು?

ಹೋದ ತಿಂಗಳು ಅಕ್ಕನ ಮಗ ಫೋನ್ ಮಾಡಿದ. "ಮಾವ, 60 ಸಾವಿರ ಕೂಡಿಟ್ಟಿದ್ದೇನೆ. ಯಾವ ಕ್ಯಾಮೆರಾ ತಗೊಳ್ಳಲಿ?" ಅಂದ. ಅವನಿಗೆ ಒಂದು ಗಂಟೆ ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಇದೇ ಪ್ರಶ್ನೆಯನ್ನು ವರ್ಷಕ್ಕೆ ನಾಲ್ಕೈದು ಜನ ಕೇಳುತ್ತಾರೆ, ಅವರಲ್ಲಿ ಮೂವರಾದರೂ ಅಷ್ಟರಲ್ಲಿ ಅಂಗಡಿಗೆ ಮುಂಗಡ ಕೊಟ್ಟು ಬಂದಿರುತ್ತಾರೆ.

ನನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ. ನಾನು ಸಂಪ್ರದಾಯದ ಕಡೆಯ ಮನುಷ್ಯ. ಓಟು ಹಾಕುವಾಗಲೂ ಅಷ್ಟೇ, ಸಾಮಾನು ಕೊಳ್ಳುವಾಗಲೂ ಅಷ್ಟೇ. ಬಹಳ ಕಾಲದಿಂದ ನಡೆದುಕೊಂಡು ಬಂದದ್ದರಲ್ಲಿ ಏನೋ ಒಂದು ಬುದ್ಧಿ ಇರುತ್ತದೆ. ಅದನ್ನು ತೆಗೆದುಹಾಕೋಣ ಅನ್ನುವವರು ಕಾರಣ ಕೊಡಬೇಕು, ಇಟ್ಟುಕೊಳ್ಳುತ್ತೇನೆ ಅನ್ನುವವರಲ್ಲ. ಸರ್ಕಾರದ ಯೋಜನೆ ಇರಲಿ, ಮನೆಯ ಬಾಗಿಲು ಇರಲಿ, ಕ್ಯಾಮೆರಾ ಇರಲಿ, ನಾನು ಇದೇ ಲೆಕ್ಕ ಹಾಕುತ್ತೇನೆ. ನನ್ನ ಹತ್ತಿರ ಇರುವುದು 2011ರಲ್ಲಿ ಕೊಂಡ ನಿಕಾನ್ ಡಿ7000, ಒಳಗೆ ಕನ್ನಡಿ ಇರುವ ಹಳೆ ತರಹದ ಡಿಎಸ್‌ಎಲ್‌ಆರ್. 16 ಮೆಗಾಪಿಕ್ಸೆಲ್. ಇವತ್ತಿಗೂ ಚೆನ್ನಾಗಿ ಓಡುತ್ತಿದೆ. ಆದರೆ ಹಳೆಯದು ಅನ್ನುವ ಒಂದೇ ಕಾರಣಕ್ಕೆ ಹಳೆಯದನ್ನು ಹೊಗಳುವುದೂ ತಪ್ಪೇ, ಅದಕ್ಕೆ ಹೊಸದು ಎಲ್ಲಿ ಗೆಲ್ಲುತ್ತದೋ ಅಲ್ಲಿ ಗೆದ್ದಿದೆ ಅಂತಲೇ ಬರೆಯುತ್ತೇನೆ.

ಹುಡುಗನಿಗೆ ನಾನು ಕೇಳಿದ ಮೊದಲ ಪ್ರಶ್ನೆ: "ಈಗ ನಿನ್ನ ಕೈಲಿ ತೆಗೆಯೋಕೆ ಆಗದೇ ಇರುವ ಫೋಟೋ ಯಾವುದು?" ಅವನು ಸ್ವಲ್ಪ ಹೊತ್ತು ಯೋಚಿಸಿ, ರಾತ್ರಿ ಯಕ್ಷಗಾನ ಮತ್ತು ಹಕ್ಕಿ ಅಂದ. ಒಳ್ಳೆಯ ಉತ್ತರ. ಈ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಕ್ಯಾಮೆರಾ ಕೊಳ್ಳಲೇಬೇಡಿ, ಇರುವ ಫೋನಿನಲ್ಲೇ ಇನ್ನೊಂದು ವರ್ಷ ತೆಗೆಯಿರಿ.

ಫೋನ್ ಸಾಕಾಗುವುದು ಎಲ್ಲಿ

ಜನ ಅಂದುಕೊಂಡಿರುವುದಕ್ಕಿಂತ ಜಾಸ್ತಿ ಕಡೆ ಫೋನ್ ಸಾಕು. ಹಬ್ಬ, ಗೃಹಪ್ರವೇಶ, ಅಡಿಕೆ ಕೊಯ್ಲು, ಮಕ್ಕಳ ಸ್ಕೂಲ್ ಡೇ, ಇವಕ್ಕೆಲ್ಲ ನಾನೂ ಫೋನ್ ಹಿಡಿಯುತ್ತೇನೆ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನಕ್ಕೆ ಹೋದಾಗ ಒಂದು ಸಲ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಒಳಗೆ ಕತ್ತಲು, ಬಾಗಿಲಾಚೆ ಬಿಸಿಲು. ನನ್ನ ಡಿ7000ದಲ್ಲಿ ಕಂಬ ಕಾಣುವ ಹಾಗೆ ತೆಗೆದರೆ ಬಾಗಿಲು ಬೆಳ್ಳಗೆ ಸುಟ್ಟುಹೋಗುತ್ತಿತ್ತು, ಬಾಗಿಲು ಸರಿ ಮಾಡಿದರೆ ಕಂಬ ಮಸಿ. ಫೋನ್ ಒಂದೇ ಒತ್ತಿಗೆ ಹಲವು ಚಿತ್ರ ತೆಗೆದು ತಾನೇ ಸೇರಿಸಿಕೊಂಡು ಎರಡನ್ನೂ ತೋರಿಸಿತು. ನಾನೂ ರಾ ಫೈಲ್ (ಕ್ಯಾಮೆರಾ ಕಂಡದ್ದನ್ನು ತಿದ್ದದೆ ಹಾಗೇ ಉಳಿಸುವ ಫೈಲ್) ತೆಗೆದು ಮನೆಗೆ ಬಂದು ಕಂಪ್ಯೂಟರಿನಲ್ಲಿ ಸರಿ ಮಾಡಬಹುದು, ಆದರೆ ಅದಕ್ಕೆ ಅರ್ಧ ಗಂಟೆ ಬೇಕು. ಪುರಾತತ್ವ ಇಲಾಖೆ ನೋಡಿಕೊಳ್ಳುವ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ಬೇಕು ಅನ್ನುವುದನ್ನೂ ನೆನಪಿಡಿ. ಕೈಯಲ್ಲೇ ಹಿಡಿದು ತೆಗೆಯಬೇಕಾದ ಕಡೆ ಫೋನಿನ ಈ ಗುಣ ಸಣ್ಣದಲ್ಲ.

ಫೋನ್ ಸೋಲುವುದು ದೂರದಲ್ಲಿ ಮತ್ತು ಓಟದಲ್ಲಿ. ದೂರದ ಹಕ್ಕಿಯನ್ನು ಎಳೆದು ದೊಡ್ಡದು ಮಾಡಿದರೆ ಗರಿ ಇರುವಲ್ಲಿ ಬಣ್ಣ ಬಳಿದ ಹಾಗೆ ಕಾಣುತ್ತದೆ. ಅಲ್ಲಿಲ್ಲದ ವಿವರವನ್ನು ಸಾಫ್ಟ್‌ವೇರ್ ಊಹೆ ಮಾಡಿ ತುಂಬುತ್ತದೆ. 2023ರಲ್ಲಿ ಸ್ಯಾಮ್‌ಸಂಗ್ ಫೋನಿನ ಚಂದ್ರನ ಚಿತ್ರದ ಬಗ್ಗೆ ಜಗತ್ತಿನ ತುಂಬ ಚರ್ಚೆ ಆಯಿತಲ್ವಾ? ಬೇಕಂತಲೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಪರದೆಯ ಮೇಲೆ ಇಟ್ಟು ತೆಗೆದರೂ ಫೋನಿನಲ್ಲಿ ಕುಳಿಗಳು ಮೂಡಿದ್ದವು. ಇದು ನನಗೆ ಸಣ್ಣ ವಿಷಯ ಅಲ್ಲ. ಫೋಟೋ ಅಂದರೆ ಸಾಕ್ಷಿ. ಗ್ರಾಮಸಭೆಯಲ್ಲಿ ಎಷ್ಟು ಜನ ಇದ್ದರು, ಕೆರೆ ಏರಿ ಎಲ್ಲಿ ಒಡೆದಿದೆ, ರಸ್ತೆಗೆ ಹಾಕಿದ ಜಲ್ಲಿ ಎಷ್ಟು ದಪ್ಪ ಇದೆ, ಇವನ್ನೆಲ್ಲ ನಾವು ಫೋಟೋ ತೋರಿಸಿಯೇ ಕೇಳುವುದು. ಅದರಲ್ಲಿ ಯಂತ್ರ ತಾನೇ ಏನನ್ನೋ ಸೇರಿಸಿದೆ ಅಂತ ಒಂದು ಸಲ ಗೊತ್ತಾದರೆ, ನಿಜವಾದ ಫೋಟೋವನ್ನೂ ಎದುರಿನವನು ಸುಳ್ಳು ಅಂತ ತಳ್ಳಿಹಾಕಬಹುದು. ಕ್ಯಾಮೆರಾ ಕಂಪನಿಗಳಿಗೂ ಈ ಚಿಂತೆ ಇದೆ. ಚಿತ್ರ ಎಲ್ಲಿಂದ ಬಂತು, ಯಾರು ತಿದ್ದಿದರು ಅನ್ನುವ ದಾಖಲೆಯನ್ನು ಫೈಲಿನೊಳಗೇ ಮುದ್ರೆ ಒತ್ತುವ ಮೊದಲ ಕ್ಯಾಮೆರಾ ಲೈಕಾ ಎಂ11-ಪಿ 2023ರಲ್ಲೇ ಬಂತು. ಅದರ ಬೆಲೆ ನಮ್ಮಂಥವರಿಗಲ್ಲ, ಆದರೆ ಆ ದಾರಿ ಸರಿಯಾದದ್ದು.

ಕನ್ನಡಿ ಇರುವುದು, ಕನ್ನಡಿ ಇಲ್ಲದ್ದು

ಡಿಎಸ್‌ಎಲ್‌ಆರ್ ಒಳಗೆ ಒಂದು ಕನ್ನಡಿ ಇದೆ. ಲೆನ್ಸಿನಿಂದ ಬಂದ ಬೆಳಕು ಅದಕ್ಕೆ ಬಡಿದು ಮೇಲೆ ಹೋಗಿ ನಿಮ್ಮ ಕಣ್ಣಿಗೆ ಸೇರುತ್ತದೆ. ಬಟನ್ ಒತ್ತಿದಾಗ ಕನ್ನಡಿ ಎದ್ದು ಬೆಳಕು ಚಿತ್ರ ಹಿಡಿಯುವ ಸೆನ್ಸರಿಗೆ ಬೀಳುತ್ತದೆ. ಅಂದರೆ ನೀವು ನೋಡುವುದು ನಿಜವಾದ ಬೆಳಕು, ಟಿವಿ ಪರದೆಯಲ್ಲ. ನೋಡುತ್ತಾ ಕೂರಲು ಬ್ಯಾಟರಿ ಹೆಚ್ಚು ಖರ್ಚಾಗುವುದಿಲ್ಲ. ಮಿರರ್‌ಲೆಸ್‌ನಲ್ಲಿ ಆ ಕನ್ನಡಿ ಇಲ್ಲ. ಸೆನ್ಸರ್ ಸದಾ ತೆರೆದಿರುತ್ತದೆ, ಅದು ಕಂಡದ್ದನ್ನು ಸಣ್ಣ ಪರದೆಯಲ್ಲಿ ನಿಮಗೆ ತೋರಿಸುತ್ತದೆ. ಹಾಗಾಗಿ ಫೋಟೋ ಬೆಳ್ಳಗಾಗುತ್ತದೋ ಕಪ್ಪಾಗುತ್ತದೋ ಒತ್ತುವ ಮೊದಲೇ ಗೊತ್ತಾಗುತ್ತದೆ. ಹೊಸಬರಿಗೆ ಇದು ದೊಡ್ಡ ಅನುಕೂಲ.

ಬ್ಯಾಟರಿಯ ಅಂತರ ಬಹಳ ಇದೆ. ನಿಕಾನಿನ ಡಿಎಸ್‌ಎಲ್‌ಆರ್ ಡಿ3500ಕ್ಕೆ ಕಂಪನಿ ಕೊಟ್ಟ ಲೆಕ್ಕ ಒಂದು ಚಾರ್ಜಿಗೆ 1550 ಚಿತ್ರ. ಡಿ7200ಕ್ಕೆ 1110. ಈಗಿನ ಸಣ್ಣ ಮಿರರ್‌ಲೆಸ್‌ಗಳು ವ್ಯೂಫೈಂಡರಿನಲ್ಲಿ (ಕಣ್ಣಿಟ್ಟು ನೋಡುವ ಕಿಂಡಿ) ನೋಡಿ ತೆಗೆದರೆ 300ರ ಆಸುಪಾಸು. ಮೂರು ದಿನ ಜಾತ್ರೆಯಲ್ಲಿ ತಿರುಗುವಾಗ ನಾನು ಚಾರ್ಜರ್ ಒಯ್ಯುವುದೇ ಇಲ್ಲ. ಮಿರರ್‌ಲೆಸ್ ಕೊಳ್ಳುವವರು ಇನ್ನೊಂದು ಬ್ಯಾಟರಿಯ ಬೆಲೆಯನ್ನೂ ಮೊದಲ ದಿನವೇ ಸೇರಿಸಿಕೊಳ್ಳಬೇಕು.

ಇನ್ನು ಕನ್ನಡಿ ಇಲ್ಲದ್ದು ನಿಜವಾಗಿ ಗೆಲ್ಲುವ ಜಾಗ. ಕ್ಯಾನನ್ ಆರ್50, ಆರ್10, ನಿಕಾನ್ ಜೆಡ್50-2, ಇವು ಹಕ್ಕಿಯ ಕಣ್ಣನ್ನು ತಾವೇ ಹುಡುಕಿ ಅದರ ಮೇಲೆ ಫೋಕಸ್ ಕೂರಿಸುತ್ತವೆ. ಸೊರಬ ತಾಲೂಕಿನ ಗುಡವಿಯಲ್ಲಿ ಮಳೆಗಾಲದಲ್ಲಿ ಬಿಳಿ ಕೆಂಬರಲುಗಳು ಗೂಡು ಕಟ್ಟುತ್ತವೆ. ಅಲ್ಲಿ ಒಬ್ಬ ಗೆಳೆಯರ ಆರ್10 ಹಿಡಿದು ಹಾರುವ ಹಕ್ಕಿ ತೆಗೆದೆ. ನನ್ನ ಕ್ಯಾಮೆರಾದಲ್ಲಿ ಹತ್ತು ತೆಗೆದರೆ ಎರಡು ಸರಿ ಬರುತ್ತಿದ್ದವು, ಅದರಲ್ಲಿ ಏಳು ಬಂದವು. ಹತ್ತು ವರ್ಷದ ಅಭ್ಯಾಸಕ್ಕಿಂತ ಆ ಯಂತ್ರದ ಲೆಕ್ಕ ಮುಂದೆ ಹೋಯಿತು. ಹಾರುವ ಹಕ್ಕಿಯೇ ನಿಮ್ಮ ಪ್ರಾಣ ಅನ್ನುವುದಾದರೆ ನಾನು ಹಳೆಯದನ್ನು ತಗೊಳ್ಳಿ ಅನ್ನುವುದಿಲ್ಲ. ವಿಡಿಯೋ ಮುಖ್ಯ ಅನ್ನುವವರಿಗೂ ಮಿರರ್‌ಲೆಸ್ಸೇ ಸರಿ. ಅಲ್ಲಿ ಹೋಲಿಕೆಯೇ ಬೇಡ.

ಸದ್ದಿನ ವಿಷಯವೂ ಇದೆ. ಕನ್ನಡಿ ಎದ್ದು ಬೀಳುವ ಟಪ್ ಟಪ್ ಸದ್ದು ಹೋಮದ ಹತ್ತಿರ, ಧಾರೆಯ ಹೊತ್ತಿನಲ್ಲಿ ಕಿರಿಕಿರಿ ಮಾಡುತ್ತದೆ. ಮಿರರ್‌ಲೆಸ್ ಪೂರ್ತಿ ಮೌನವಾಗಿ ತೆಗೆಯಬಲ್ಲದು. ಆದರೆ ಒಂದು ಎಚ್ಚರಿಕೆ. ಶಟರ್ ಅಂದರೆ ಬೆಳಕನ್ನು ಒಳಗೆ ಬಿಡಲು ತೆರೆದು ಮುಚ್ಚುವ ಪರದೆ. ಆ ಮೌನದ ಎಲೆಕ್ಟ್ರಾನಿಕ್ ಶಟರಿನಲ್ಲಿ ಪರದೆ ಅಲುಗುವುದಿಲ್ಲ, ಕ್ಯಾಮೆರಾ ಸಾಲು ಸಾಲಾಗಿ ಸೆನ್ಸರನ್ನು ಓದುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಹಾಗಾಗಿ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಬೀಳುತ್ತವೆ. ರಂಗಸ್ಥಳದ ದೀಪದ ಕೆಳಗೆ ಮೆಕ್ಯಾನಿಕಲ್ ಶಟರ್ ಒಳ್ಳೆಯದು. ಆರ್10ರಲ್ಲಿ ಪೂರ್ತಿ ಮೆಕ್ಯಾನಿಕಲ್ ಶಟರ್ ಇದೆ, ಆರ್50ಯಲ್ಲಿ ಇಲ್ಲ. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಯಕ್ಷಗಾನಕ್ಕೆ ಬಾಡಿಗಿಂತ ಲೆನ್ಸ್

ಬಯಲಾಟ ತೆಗೆಯುವವರು ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ ಬಗ್ಗೆ ಜಗಳ ಮಾಡುವುದನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಕ್ಯಾಮೆರಾ ಜೊತೆ ಬರುವ 18-55 ಎಂಎಂ ಲೆನ್ಸನ್ನು (ಎಂಎಂ ಜಾಸ್ತಿ ಆದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಪೂರ್ತಿ ಜೂಮ್ ಮಾಡಿದರೆ ಅದರ ಬಾಯಿ ಎಫ್/5.6. ಈ ಎಫ್ ಅಂಕಿ ಸಣ್ಣದಾದಷ್ಟೂ ಬಾಯಿ ಅಗಲ. ಒಂದು 50 ಎಂಎಂ ಎಫ್/1.8 ಲೆನ್ಸ್ ಅದಕ್ಕಿಂತ ಸುಮಾರು 10 ಪಟ್ಟು ಬೆಳಕು ಒಳಗೆ ಬಿಡುತ್ತದೆ. ಹತ್ತು ಪಟ್ಟು! ಯಾವ ಹೊಸ ಸೆನ್ಸರೂ ಇಷ್ಟು ಅಂತರ ಕೊಡುವುದಿಲ್ಲ. ಬಣ್ಣದ ವೇಷ ರಂಗಕ್ಕೆ ಬಂದು ಗಿರಕಿ ಹೊಡೆಯುವಾಗ ಶಟರ್ ಸ್ಪೀಡ್ 1/250 ಸೆಕೆಂಡ್ ಆದರೂ ಬೇಕು. ಜೊತೆಗೆ ಬಂದ ಲೆನ್ಸಿನಲ್ಲಿ ಅಷ್ಟಕ್ಕೆ ಹೋದರೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಆಗುತ್ತದೆ. 50 ಎಂಎಂ ಹಾಕಿ, ಭಾಗವತರ ಎದುರು ಬದಿಯಲ್ಲಿ, ಮುಂದಿನ ಸಾಲಿನ ಪಕ್ಕ ನೆಲದಲ್ಲಿ ಕೂತರೆ ಹಳೆ ಕ್ಯಾಮೆರಾವೂ ಸಾಕು. ನನ್ನ ಮನೆಯ ಗೋಡೆಯ ಮೇಲಿರುವ ಕೀಚಕನ ಚಿತ್ರ ಹಾಗೇ ಬಂದದ್ದು. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವುದನ್ನು ತೆಗೆಯುವವರಿಗೆ 35 ಎಂಎಂ ಎಫ್/1.8 ಇನ್ನೂ ಅನುಕೂಲ, ಜಾಗ ಕಡಿಮೆ ಇರುತ್ತದೆ. ಫ್ಲಾಶ್ ಮಾತ್ರ ಬೇಡ. ಮುಖದ ಮೇಲೆ ಆ ಬೆಳಕು ಬಿದ್ದರೆ ಕಲಾವಿದರಿಗೆ ಕಣ್ಣು ಕತ್ತಲೆ ಬರುತ್ತದೆ, ಮೂರು ಗಂಟೆ ಕೂತು ಮಾಡಿಕೊಂಡ ಬಣ್ಣವೂ ಸಪ್ಪೆಯಾಗಿ ಕಾಣುತ್ತದೆ.

ಇಲ್ಲಿ ನಿಕಾನ್ ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. ಹಳೆಯ ಎಎಫ್-ಡಿ ಲೆನ್ಸುಗಳೊಳಗೆ ಫೋಕಸ್ ಮಾಡುವ ಮೋಟರ್ ಇರುವುದಿಲ್ಲ. ಡಿ7000, ಡಿ7200, ಡಿ7500 ಬಾಡಿಗಳಲ್ಲಿ ಅದಕ್ಕೆ ಮೋಟರ್ ಇದೆ. ಡಿ3500, ಡಿ5600ರಲ್ಲಿ ಇಲ್ಲ. ಮುಂದೆ ಜೆಡ್ ಮಿರರ್‌ಲೆಸ್‌ಗೆ ಹೋಗಿ, ಹಳೆ ಲೆನ್ಸ್ ಕೂರಿಸುವ ಎಫ್‌ಟಿಜೆಡ್ ಅಡಾಪ್ಟರ್ ಹಾಕಿದರೂ ಈ ಎಎಫ್-ಡಿ ಲೆನ್ಸ್ ತಾನಾಗಿ ಫೋಕಸ್ ಮಾಡುವುದಿಲ್ಲ, ಒಳಗೇ ಮೋಟರ್ ಇರುವ ಎಎಫ್-ಎಸ್ ಲೆನ್ಸ್ ಮಾಡುತ್ತದೆ. ಕ್ಯಾನನ್‌ನಲ್ಲಿ ಈ ತಲೆನೋವಿಲ್ಲ. 1987ರಿಂದ ಬಂದ ಇಎಫ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಆರ್ ಸರಣಿಯ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಫೋಕಸ್ ಮಾಡುತ್ತವೆ. ಮನೆಯಲ್ಲಿ ಅಪ್ಪನದೋ ಚಿಕ್ಕಪ್ಪನದೋ ಹಳೆ ಲೆನ್ಸ್ ಇದ್ದರೆ ಅದನ್ನು ಹೊರಗೆ ತೆಗೆದು ನೋಡಿ, ಆಮೇಲೆ ಯಾವ ಕಂಪನಿ ಅಂತ ತೀರ್ಮಾನ ಮಾಡಿ. ಹಳೆ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಹಾಕಬಹುದು, ಹೊಸದನ್ನು ಹಳೆಯದಕ್ಕೆ ಹಾಕಲಾಗದು. ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿಗೂ ಸೆನ್ಸರಿಗೂ ನಡುವೆ 46.5 ಮಿಲಿಮೀಟರ್ ಇದೆ, ಜೆಡ್‌ನಲ್ಲಿ ಬರೀ 16. ಆ ಜಾಗದಲ್ಲಿ ಅಡಾಪ್ಟರ್ ಕೂರುತ್ತದೆ. ಹಾಗಾಗಿ ಒಳ್ಳೆಯ ಡಿಎಸ್‌ಎಲ್‌ಆರ್ ಲೆನ್ಸಿಗೆ ಇವತ್ತು ಹಾಕಿದ ದುಡ್ಡು ನಾಳೆ ಮಿರರ್‌ಲೆಸ್‌ಗೆ ಹೋದರೂ ಪೋಲಾಗುವುದಿಲ್ಲ.

ದೊಡ್ಡ ಜೂಮಿನ ಒಂದೇ ತುಂಡು ಕ್ಯಾಮೆರಾ

ನಿಕಾನ್ ಪಿ950, ಪಿ1000 ತರಹದವು. ಲೆನ್ಸ್ ಬಿಚ್ಚುವ ಹಾಗಿಲ್ಲ. ಪಿ1000ದ ಜೂಮ್ 125 ಪಟ್ಟು, 3000 ಎಂಎಂ ಲೆನ್ಸಿಗೆ ಸಮ. ಕೇಳಲು ಬಹಳ ಚೆನ್ನಾಗಿದೆ. ಆದರೆ ಒಳಗಿನ ಸೆನ್ಸರ್ ಹೆಚ್ಚುಕಡಿಮೆ 6 ಮಿಲಿಮೀಟರ್ ಅಗಲ, ನಾಲ್ಕೂವರೆ ಎತ್ತರ. ನನ್ನ ಡಿ7000ದ ಸೆನ್ಸರಿನ ವಿಸ್ತೀರ್ಣ ಅದರ ಹತ್ತು ಪಟ್ಟಿಗಿಂತ ಜಾಸ್ತಿ. ಬಿಸಿಲಿನಲ್ಲಿ, ಕೊಂಬೆಯ ಮೇಲೆ ಸುಮ್ನೆ ಕೂತ ಹಕ್ಕಿಗೆ ಒಳ್ಳೆಯದು, ಯಾವ ಹಕ್ಕಿ ಅಂತ ಗುರುತು ಹಿಡಿಯಲು ಇನ್ನೂ ಒಳ್ಳೆಯದು. ಸಂಜೆ ಐದರ ನಂತರ, ಮಳೆಗಾಲದ ಮೋಡದಲ್ಲಿ, ಕಾಡಿನ ನೆರಳಲ್ಲಿ ಆಗುವುದಿಲ್ಲ. ನಮ್ಮ ಮಲೆನಾಡಿನಲ್ಲಿ ವರ್ಷದ ಅರ್ಧ ದಿನಗಳು ಹಾಗೇ ಇರುತ್ತವೆ. ವಯಸ್ಸಾದವರು, ಭಾರ ಹೊರಲು ಆಗದವರು, ಲೆನ್ಸ್ ಬದಲಿಸುವ ಗೋಜು ಬೇಡ ಅನ್ನುವವರು ಮಾತ್ರ ಇದನ್ನು ನೋಡಿ.

ಹಕ್ಕಿಗೆ ಎಷ್ಟು ಉದ್ದದ ಲೆನ್ಸ್ ಬೇಕು ಅನ್ನುವುದು ಊರಿನ ಮೇಲೂ ಹೋಗುತ್ತದೆ. ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಮನೆ ಪಕ್ಕದ ಮರದಲ್ಲೇ ಗೂಡು ಕಟ್ಟುತ್ತವೆ. ಅಲ್ಲಿ 250 ಎಂಎಂ ಸಾಕು. ಆ ಊರಿನ ಜನ ಹಕ್ಕಿಗಳನ್ನು ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳ ಹಾಗೆ ನೋಡಿಕೊಂಡು ಬಂದಿದ್ದಾರೆ. ಯಾವ ಕಾನೂನೂ ಬರುವ ಮೊದಲೇ ಆ ಪದ್ಧತಿ ಹಕ್ಕಿಗಳನ್ನು ಉಳಿಸಿತು. ನಾನು ಹಳೆಯ ಪದ್ಧತಿಗಳ ಪರವಾಗಿ ಮಾತಾಡುವಾಗ ನನ್ನ ಮನಸ್ಸಿನಲ್ಲಿ ಇರುವುದು ಇಂಥವು.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಕ್ಯಾನನ್, ನಿಕಾನ್ ಎರಡೂ 2018ರಿಂದ ಮಿರರ್‌ಲೆಸ್ ಕಡೆ ತಿರುಗಿವೆ. 2020ರ ನಂತರ ಎರಡೂ ಹೊಸ ಡಿಎಸ್‌ಎಲ್‌ಆರ್ ಮಾದರಿ ತಂದಿಲ್ಲ. ಅದಕ್ಕೇ ಹಳೆಯವು ಅಗ್ಗ. ನಾನು ನೋಡಿದ ಹಾಗೆ ಒಳ್ಳೆಯ ಡಿ7200 ಬಾಡಿ 30 ಸಾವಿರದ ಒಳಗೆ ಸಿಗುತ್ತದೆ. ಅದರ ಶಟರನ್ನು 1,50,000 ಒತ್ತಿಗೆ ಪರೀಕ್ಷೆ ಮಾಡಿರುತ್ತಾರೆ. ನಿಕಾನ್ ಆದರೆ ಆ ಕ್ಯಾಮೆರಾದಲ್ಲಿ ತೆಗೆದ ಒಂದು ಮೂಲ ಫೈಲ್ ತರಿಸಿಕೊಂಡು ಶಟರ್ ಕೌಂಟ್, ಅಂದರೆ ಇದುವರೆಗೆ ಎಷ್ಟು ಸಲ ಒತ್ತಿದ್ದಾರೆ ಅನ್ನುವ ಲೆಕ್ಕ, ನೋಡಬಹುದು. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಆ ಮಾಹಿತಿ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ. ಕ್ಯಾನನ್‌ನಲ್ಲಿ ಇಷ್ಟು ಸುಲಭ ಇಲ್ಲ.

ಲೆನ್ಸಿನಲ್ಲಿ ಬೂಷ್ಟು ಇದೆಯೇ ನೋಡಲೇಬೇಕು. ನಾನು ಒಮ್ಮೆ ಮೋಸ ಹೋಗಿದ್ದೇನೆ. 70-300 ಲೆನ್ಸ್, ಹೊರಗಿನಿಂದ ಹೊಸದರ ಹಾಗಿತ್ತು. ಮನೆಗೆ ತಂದು ಫೋನಿನ ಟಾರ್ಚ್ ಹಿಂದಿನಿಂದ ಹಿಡಿದಾಗ ಒಳಗಿನ ಗಾಜಿನ ಮೇಲೆ ಜೇಡರ ಬಲೆಯ ಹಾಗೆ ಎಳೆಗಳು. ಕೊಟ್ಟವರು ವಾಪಸ್ ತಗೊಳ್ಳಲಿಲ್ಲ. ಅವತ್ತಿನಿಂದ ಟಾರ್ಚ್ ಹಿಡಿಯದೆ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ಸಾಗರ, ಶಿರಸಿ, ಉಡುಪಿ, ಮಂಗಳೂರು ಕಡೆಯ ಲೆನ್ಸಾದರೆ ಎರಡು ಸಲ ನೋಡಿ. ತಂದ ಮೇಲೂ ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಟ್ಟು, ಒಂದು ಸಣ್ಣ ತೇವಾಂಶ ಮೀಟರ್ ಜೊತೆಗಿಟ್ಟು, ಮುಳ್ಳು 40ರಿಂದ 50ರ ನಡುವೆ ಇರುವ ಹಾಗೆ ನೋಡಿಕೊಳ್ಳಿ. ಚರ್ಮದ ಚೀಲದಲ್ಲಿಟ್ಟು ಬೀರುವಿಗೆ ಹಾಕಿದರೆ ಒಂದೇ ಮಳೆಗಾಲ ಸಾಕು, ಬೂಷ್ಟು ಹಿಡಿಯಲು.

ಸಾಲ, ತೆರಿಗೆ, ರಿಪೇರಿ

ಕಂತಿನಲ್ಲಿ ಕ್ಯಾಮೆರಾ ಬೇಡ. ಹವ್ಯಾಸಕ್ಕೆ ಸಾಲ ಮಾಡಿದರೆ ತಿಂಗಳು ತಿಂಗಳು ಆ ಕ್ಯಾಮೆರಾ ನೋಡಿದಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ, ಫೋಟೋ ತೆಗೆಯುವ ಖುಷಿ ಎಲ್ಲಿ ಉಳಿಯುತ್ತದೆ? ಸಾಲ ಮಾಡಿ ಹಂಚುವ ಸರ್ಕಾರಗಳ ಬಗ್ಗೆ ನನಗೆ ಇರುವ ತಕರಾರೂ ಇದೇ, ಮನೆಗೆ ಒಂದು ನ್ಯಾಯ ವಿಧಾನಸೌಧಕ್ಕೆ ಒಂದು ನ್ಯಾಯ ಅಂತ ನಾನು ಒಪ್ಪುವುದಿಲ್ಲ.

ತೆರಿಗೆಯಲ್ಲೂ ನನಗೆ ಅಭಿಪ್ರಾಯ ಇದೆ. ಜಿಎಸ್‌ಟಿ ಬಂದಾಗ ಡಿಜಿಟಲ್ ಕ್ಯಾಮೆರಾಕ್ಕೆ 28 ಪರ್ಸೆಂಟ್ ಹಾಕಿದ್ದರು. ಡಿಸೆಂಬರ್ 2018ರಲ್ಲಿ 18ಕ್ಕೆ ಇಳಿಸುವ ತೀರ್ಮಾನ ಆಯಿತು. ಇಳಿಸಿದ್ದು ಸರಿ. ಹಳ್ಳಿಯಲ್ಲಿ ಮದುವೆ ಫೋಟೋ ತೆಗೆದು ಸಂಸಾರ ನಡೆಸುವ ಹುಡುಗನಿಗೆ ಅದು ಐಷಾರಾಮವಲ್ಲ, ನೇಗಿಲಿನ ಹಾಗೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆದದ್ದನ್ನೂ ನಾನು ಮನಸಾರೆ ಮೆಚ್ಚುತ್ತೇನೆ. ಸರಿಮಾಡಿ ಬಳಸುವುದು ನಮ್ಮ ಹಿರಿಯರ ರೂಢಿ. ಅದನ್ನು ಉಳಿಸುವುದು ಸಂಪ್ರದಾಯವಾದಿಯ ಕೆಲಸವೇ.

ರಾಜಕೀಯ ಮತ್ತು ಕ್ಯಾಮೆರಾ ಒಂದೇ ಕೈಯಲ್ಲಿ ಇರಬಹುದು ಅನ್ನುವುದಕ್ಕೆ ನಮ್ಮಲ್ಲೇ ಎಂ.ವೈ. ಘೋರ್ಪಡೆ ಇದ್ದರು. ಸಂಡೂರಿನವರು, ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸು ಮಂತ್ರಿ. ಅವರ ಪಕ್ಷ ನನ್ನದಲ್ಲ. ಆದರೆ ಅವರ ಕಪ್ಪು ಬಿಳುಪು ಕಾಡುಪ್ರಾಣಿ ಚಿತ್ರಗಳನ್ನು ನೋಡಿದಾಗ, ಫಿಲ್ಮಿನ ಕಾಲದಲ್ಲಿ, ತಾನಾಗಿ ಫೋಕಸ್ ಮಾಡುವ ಯಂತ್ರ ಇಲ್ಲದೆ, ಅಷ್ಟು ತಾಳ್ಮೆ ಹೇಗೆ ಬಂತು ಅಂತ ತಲೆ ಬಾಗುತ್ತದೆ.

ಸರಿ, ಅಕ್ಕನ ಮಗನಿಗೆ ಏನು ಹೇಳಿದೆ? ಅವನದು ಮುಕ್ಕಾಲು ಪಾಲು ಯಕ್ಷಗಾನ, ಕಾಲು ಪಾಲು ಹಕ್ಕಿ, ವಿಡಿಯೋ ಬೇಡವೇ ಬೇಡ. ಹಾಗಾಗಿ ಹಳೆ ಡಿ7200, ಒಂದು 50 ಎಂಎಂ ಎಫ್/1.8, ಟಾರ್ಚ್ ಹಿಡಿದು ನೋಡಿದ ಒಂದು 70-300, ಡಬ್ಬಿ, ಸಿಲಿಕಾ ಜೆಲ್. ಅವನದು ಹಕ್ಕಿಯೇ ಜಾಸ್ತಿ ಆಗಿದ್ದರೆ ಇನ್ನಾರು ತಿಂಗಳು ಕೂಡಿಟ್ಟು ಆರ್10 ತಗೋ ಅನ್ನುತ್ತಿದ್ದೆ. ಹೋದ ವಾರ ಶಿವಮೊಗ್ಗದಲ್ಲಿ ಒಬ್ಬರ ಮನೆಯಲ್ಲಿ ಬಾಡಿ ಸಿಕ್ಕಿತು. ಶಟರ್ ಕೌಂಟ್ 31 ಸಾವಿರ. ಎಲ್ಲ ಸೇರಿ 44 ಸಾವಿರಕ್ಕೆ ಮುಗಿಯಿತು, ಉಳಿದ 16 ಸಾವಿರ ಅವನ ಬ್ಯಾಂಕಿನಲ್ಲೇ ಇದೆ. ಈ ಶನಿವಾರ ಪಕ್ಕದ ಊರಿನಲ್ಲಿ ಬಯಲಾಟ ಇದೆ, ಇಬ್ಬರೂ ಹೋಗುತ್ತಿದ್ದೇವೆ.